ಕಣ್ಣು ಮುಚ್ಚಿಕೊಂಡು ತಾಳ ಹಾಕಿ ನೋಡಿ

ಈ ಬ್ಲಾಗಿಗೆ ಧೂಳು ಹಿಡಿದು ಎಷ್ಟು ದಿನ ಆಯ್ತೋ! ರಿಲೀಸು ರಿಲೀಸು ಅಂತ ಆಫೀಸಿನಲ್ಲೇ ಮೂರು ತಿಂಗಳು ಕಳೆದುಹೋದವು. ಅದರ ಮಧ್ಯೆ ಶನಿವಾರ ಭಾನುವಾರ ಕದ್ದು ಮಾಡಿದ ಇನ್ನೊಂದು ಕೆಲಸದ ಬಗ್ಗೆ, ಅದಕ್ಕೋಸ್ಕರ ಓದಿಕೊಂಡ ಒಂದಷ್ಟು ಇತಿಹಾಸದ ಬಗ್ಗೆ ಇವತ್ತು ಬರೆಯೋಣ ಅಂತ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ.

ಇದೆಲ್ಲ ಶುರುವಾಗಿದ್ದು ನಮ್ಮ ಚಿಕ್ಕಮ್ಮನ ಮಗನಿಂದ. ಹದಿನೇಳು ವರ್ಷದ ಹುಡುಗ, ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ಮೃದಂಗ ಕಲಿಯುತ್ತಿದ್ದಾನೆ. ಊಟದ ತಟ್ಟೆ, ಕುರ್ಚಿಯ ಕೈ, ಬಸ್ಸಿನ ಕಿಟಕಿ, ಏನು ಸಿಕ್ಕರೂ ಬಾರಿಸುತ್ತಾನೆ. ನಾನು ಬಿಡುವಿನಲ್ಲಿ ಮೊಬೈಲಿಗೆ ಒಂದು ತಾಳದ ಆಟ ಬರೆದಿದ್ದೆ. ಹಾಡು ನಡೆಯುತ್ತಿರುತ್ತೆ, ಮೇಲಿನಿಂದ ಬಣ್ಣದ ಚುಕ್ಕಿಗಳು ಬೀಳುತ್ತವೆ, ಚುಕ್ಕಿ ಕೆಳಗಿನ ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ತಟ್ಟಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಮಕ್ಕಳೆಲ್ಲ ಫೋನಿಗೆ ಮುಗಿಬಿದ್ದು ಆಡಿದರು. ನಾನೂ ಒಳಗೊಳಗೇ ಉಬ್ಬಿದೆ. ಕೊನೆಗೆ ಅವನ ಕೈಗೂ ಕೊಟ್ಟೆ. ತಾಳದ ಆಟ ತಾನೆ, ಇವನಿಗಲ್ಲದೆ ಇನ್ಯಾರಿಗೆ ಅಂತ ನನ್ನ ತಲೆಯಲ್ಲಿ ಇದ್ದಿರಬೇಕು.

ಎರಡು ಸಲ ಆಡಿ ಫೋನು ವಾಪಸ್ ಕೊಟ್ಟ.

"ಅಣ್ಣಾ, ಸೋತೆ ಅಂತ ಗೊತ್ತಾಗತ್ತೆ. ಯಾಕೆ ಸೋತೆ ಅಂತ ಗೊತ್ತಾಗಲ್ಲ."

ಬೇಜಾರೇನೂ ಇರಲಿಲ್ಲ ಅವನ ದನಿಯಲ್ಲಿ. ಅದೇ ಹಾಡು ಮತ್ತೆ ಹಾಕು ಅಂದ, ಹಾಕಿದೆ. ಊಟದ ಮೇಜಿನ ಮೇಲೆ ಮೊದಲಿಂದ ಕೊನೆಯವರೆಗೆ ಒಂದೂ ತಪ್ಪದೆ ಬಾರಿಸಿದ. ಇಡೀ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಾಳ ಗೊತ್ತಿರುವ ಹುಡುಗ, ನನ್ನ ತಾಳದ ಆಟದಲ್ಲಿ ಅವನದು ಸೊನ್ನೆ. ಅವತ್ತು ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಸಂಗೀತ ಇರುವುದೇ ಕಿವಿಗೆ. ಹಾಗಿದ್ದ ಮೇಲೆ ಸಂಗೀತದ ಆಟ ಕಣ್ಣಿಗೆ ಹೋಗಿ ಕೂತಿದ್ದು ಯಾವಾಗ? ನನಗಿಂತ ಮುಂಚೆ ಯಾರಿಗೂ ಇದು ಹೊಳೆದೇ ಇಲ್ಲವಾ?

ಹೊಳೆದಿತ್ತು. ಹುಡುಕಿದಾಗ ಸಿಕ್ಕ ಕಥೆ ಇದು.

* * *

1976ರಲ್ಲಿ ಅಮೆರಿಕದ ಶಿಕಾಗೋದಲ್ಲಿ ನಡೆದ ಒಂದು ವ್ಯಾಪಾರ ಮೇಳಕ್ಕೆ ರಾಲ್ಫ್ ಬೇಯರ್ ಅನ್ನುವ ಎಂಜಿನಿಯರ್ ಹೋಗಿದ್ದ. ಟೀವಿಗೆ ಸಿಕ್ಕಿಸಿ ಆಡುವ ಮೊದಲ ಗೇಮ್ ಯಂತ್ರ, 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ, ಇವನ ಕೆಲಸದಿಂದಲೇ ಬಂದದ್ದು. ಮೇಳದಲ್ಲಿ ಅಟಾರಿ ಕಂಪನಿಯ 'ಟಚ್ ಮಿ' ಅನ್ನುವ ಯಂತ್ರ ಕಣ್ಣಿಗೆ ಬಿತ್ತು. ನಾಲ್ಕು ಗುಂಡಿ, ಒಂದೊಂದಕ್ಕೂ ಒಂದು ದೀಪ, ಒಂದು ಸದ್ದು. ಯಂತ್ರ ಮಾಡಿ ತೋರಿಸಿದ ಸರಣಿಯನ್ನು ನಾವು ತಿರುಗಿ ಒತ್ತಬೇಕು. ಯೋಚನೆ ಚೆನ್ನಾಗಿದೆ, ಸದ್ದು ಮಾತ್ರ ಕೇಳೋಕಾಗಲ್ಲ ಅಂತ ಬೇಯರ್‌ಗೆ ಅನ್ನಿಸಿತು. ಹೊವರ್ಡ್ ಮಾರಿಸನ್ ಜೊತೆ ಸೇರಿ ಅದನ್ನೇ ಚೆಂದ ಮಾಡಿದ. 1978ರಲ್ಲಿ ಮಿಲ್ಟನ್ ಬ್ರ್ಯಾಡ್ಲಿ ಕಂಪನಿ ಅದನ್ನು 'ಸೈಮನ್' ಅಂತ ಮಾರಿತು. ತಟ್ಟೆಯಂಥ ದುಂಡನೆ ಆಟಿಕೆ, ಕೆಂಪು-ಹಸಿರು-ಹಳದಿ-ನೀಲಿ ನಾಲ್ಕು ಭಾಗ. ನಾಲ್ಕು ಸ್ವರಗಳನ್ನು ಬೇಯರ್ ಆರಿಸಿದ್ದು ಬ್ಯೂಗಲ್ ಕಹಳೆಯಿಂದ. ಯಾವ ಕ್ರಮದಲ್ಲಿ ನುಡಿಸಿದರೂ ಕಿವಿಗೆ ಹಿತವಾಗಿಯೇ ಇರಬೇಕು ಅಂತ.

ಈ ಆಟಿಕೆಯನ್ನು ಸ್ವಲ್ಪ ಗಮನಿಸಿ. ದೀಪವೂ ಸ್ವರವೂ ಹೇಳುವುದು ಒಂದೇ ಮಾತು. ಗುಂಡಿಗಳ ಜಾಗ ಬದಲಾಗುವುದಿಲ್ಲ. ಹಾಗಾಗಿ ಕಣ್ಣು ಕಾಣದವರು ಸ್ವರ ಕೇಳಿ ಆಡಬಹುದು, ಕಿವಿ ಕೇಳದವರು ದೀಪ ನೋಡಿ ಆಡಬಹುದು, ಬಣ್ಣದ ವ್ಯತ್ಯಾಸ ತಿಳಿಯದವರು ಜಾಗ ನೋಡಿ ಆಡಬಹುದು. ಇಬ್ಬರು ಮೂವರು ಒಂದೇ ಆಟಿಕೆಯ ಸುತ್ತ ಕೂತು ಆಡಬಹುದು. ಎಲ್ಲರಿಗೂ ಒಗ್ಗಲಿ ಅಂತ ಹೊರಟು ಮಾಡಿದ್ದಲ್ಲ, ಒಳ್ಳೆ ಆಟಿಕೆ ಮಾಡಬೇಕು ಅಂತ ಹೊರಟಾಗ ತಾನಾಗಿ ಬಂದದ್ದು. ಇವತ್ತು ಸುಗಮ್ಯತೆಯ ಬಗ್ಗೆ ಯಾವ ಕೈಪಿಡಿ ತೆರೆದರೂ ಮೊದಲ ಪುಟಗಳಲ್ಲೇ ಸಿಗುವ ಮಾತು ಇದೇ: ಮುಖ್ಯವಾದ ಯಾವ ಸೂಚನೆಯನ್ನೂ ಒಂದೇ ಇಂದ್ರಿಯದ ಮೂಲಕ ಮಾತ್ರ ಕೊಡಬೇಡಿ.

ಆಮೇಲೆ 1996ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್‌ಗೆ 'ಪರಾಪ್ಪ ದ ರ‍್ಯಾಪರ್' ಬಂತು. (ಹೆಸರು ಕೇಳಿ ಯಾರೋ ನಮ್ಮ ಹುಬ್ಬಳ್ಳಿ ಕಡೆಯವರು ಅಂದುಕೊಂಡಿದ್ದೆ, ಕಾಗದದ ಹಾಗೆ ಚಪ್ಪಟೆಯಾಗಿರುವ ಒಂದು ನಾಯಿಮರಿ ಅದು :-)) ಮಾಡಿದ್ದು ಮಸಾಯಾ ಮತ್ಸುವುರಾ, ಅವರೇ ಸಂಗೀತಗಾರರು. ಈಗಿನ ತಾಳದ ಆಟಗಳೆಲ್ಲ ಇದರ ಮಕ್ಕಳು ಅಂತಾರೆ. ಇದರಲ್ಲಿ ಗುರು ಒಂದು ಸಾಲು ಹೇಳಿಕೊಡುತ್ತಾನೆ, ನಾವು ತಿರುಗಿ ಒಪ್ಪಿಸಬೇಕು. ನಮ್ಮ ಸಂಗೀತ ಪಾಠ ನಡೆಯುವುದೂ ಹೀಗೇ ತಾನೆ? ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010), ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಂಥ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ಅದರಿಂದಲೇ ಬದುಕು ಕಟ್ಟಿಕೊಂಡರು. ಗುರು ಹೇಳಿದ್ದನ್ನು ಕೇಳಿ ತಿರುಗಿ ಹೇಳುವ ಪದ್ಧತಿಗೆ ಪರದೆ ಬೇಕಿಲ್ಲ. ಪರಾಪ್ಪದಲ್ಲಿ ಗುರು ಬಾಯಿಂದ ಹೇಳುತ್ತಾನಾದರೂ ಯಾವ ಗುಂಡಿ ಒತ್ತಬೇಕು ಅನ್ನುವುದು ಮಾತ್ರ ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಬರುತ್ತೆ. ಹಾಗೆ ಅರ್ಧ ಬಾಗಿಲು ಮುಚ್ಚಿತು.

ಇನ್ನರ್ಧವನ್ನು ಮುಚ್ಚಿದ್ದು ಕೊನಾಮಿ ಕಂಪನಿಯ ಎರಡು ಆಟಗಳು. 1997ರ 'ಬೀಟ್‌ಮೇನಿಯಾ'ದಲ್ಲಿ ಐದು ಕೀಲಿ, ಒಂದು ತಿರುಗುವ ತಟ್ಟೆ, ಮೇಲಿನಿಂದ ಬೀಳುವ ಪಟ್ಟಿಗಳು. 1998ರ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್'ನಲ್ಲಿ ಕೆಳಗಿನಿಂದ ಏರುವ ಬಾಣಗಳು, ಅದಕ್ಕೆ ತಕ್ಕ ಹಾಗೆ ಕಾಲು ಹಾಕಬೇಕು. ಇಲ್ಲಿ ಗುರು ಮೊದಲು ಹೇಳಿ ಆಮೇಲೆ ನಾವು ಹೇಳುವುದು ಅಂತಿಲ್ಲ, ಹಾಡು ನಡೆಯುತ್ತಿರುವಾಗಲೇ ಮುಂದೆ ಏನು ಬರುತ್ತೆ ಅಂತ ಪರದೆ ಹೇಳುತ್ತಿರುತ್ತೆ. ಸಂಗೀತ ಬರೆದದ್ದನ್ನು ನೋಡಿ ನುಡಿಸಿದ ಹಾಗೆ. ಭಾರಿ ಜನಪ್ರಿಯವಾದವು. 2005ರಲ್ಲಿ ಹಾರ್ಮೋನಿಕ್ಸ್ ತಂಡದ 'ಗಿಟಾರ್ ಹೀರೋ' ಬಂದು ಈ ಬೀಳುವ ಚುಕ್ಕಿಗಳನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ನಾನು ಕೂಡ ಹಿಂದೆಮುಂದೆ ನೋಡದೆ ಚುಕ್ಕಿ ಬೀಳಿಸಿದ್ದು ಅದಕ್ಕೇ. ತಾಳದ ಆಟ ಅಂದರೆ ಹೀಗೇ ಇರತ್ತೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು.

* * *

ಅದೇ ಜಪಾನಿನಲ್ಲಿ, ಅದೇ ವರ್ಷಗಳಲ್ಲಿ, ಪೂರ್ತಿ ಉಲ್ಟಾ ದಾರಿ ಹಿಡಿದ ಒಬ್ಬ ಇದ್ದ. ಕೆಂಜಿ ಎನೋ. 1995ರಲ್ಲಿ 'ಡಿ' ಅನ್ನುವ ಭಯಾನಕ ಆಟ ಮಾಡಿ ಹೆಸರು ಮಾಡಿದ್ದವನು. ಅವನಿಗೆ ಕಣ್ಣು ಕಾಣದ ಅಭಿಮಾನಿಗಳಿಂದ ಪತ್ರಗಳು ಬರುತ್ತಿದ್ದವು. ಕಣ್ಣೇ ಕಾಣದೆ ಇವರು ವಿಡಿಯೋ ಗೇಮ್ ಆಡುವುದು ಹೇಗೆ ಅಂತ ಹೋಗಿ ಭೇಟಿ ಮಾಡಿದ. ಸಾಮಾನ್ಯ ಆಟಗಳನ್ನೇ ಸದ್ದಿನ ಮೇಲೆ ಹೇಗೋ ಕಷ್ಟಪಟ್ಟು ಆಡುತ್ತಿದ್ದರು. ಅವರಿಗೂ ಕಣ್ಣಿರುವವರಿಗೂ ಸಮನಾದ ಒಂದು ಆಟ ಮಾಡುತ್ತೇನೆ ಅಂತ ಹೊರಟು 1997ರಲ್ಲಿ 'ರಿಯಲ್ ಸೌಂಡ್: ಕಝೆ ನೋ ರಿಗ್ರೆಟ್' ತಂದ. ಪರದೆಯ ಮೇಲೆ ಚಿತ್ರವೇ ಇಲ್ಲ. ರೇಡಿಯೋ ನಾಟಕದ ಹಾಗೆ ಕಥೆ ನಡೆಯುತ್ತೆ, ಆಯ್ಕೆ ಮಾಡಬೇಕಾದ ಕಡೆ ಗಂಟೆಯ ಸದ್ದು ಬರುತ್ತೆ. ಡಬ್ಬಿಯೊಳಗೆ ಬ್ರೈಲ್‌ನಲ್ಲಿ ಸೂಚನೆಗಳು, ಜೊತೆಗೆ ಒಂದು ಪೊಟ್ಟಣ ಬೀಜ!

ಇದರ ಹಿಂದಿನ ಒಪ್ಪಂದ ಇನ್ನೂ ಸೊಗಸು. ಆಟ ನಿಮ್ಮ ಯಂತ್ರಕ್ಕೆ ಮಾತ್ರ ಕೊಡುತ್ತೇನೆ, ಬದಲಿಗೆ ನೀವು ಕಣ್ಣು ಕಾಣದವರಿಗೆ 1000 ಸ್ಯಾಟರ್ನ್ ಯಂತ್ರ ದಾನ ಮಾಡಿ, ನಾನು 1000 ಪ್ರತಿ ಆಟ ಕೊಡುತ್ತೇನೆ ಅಂತ ಸೆಗಾ ಕಂಪನಿಗೆ ಹೇಳಿದ. ಅವರು ಒಪ್ಪಿದರು. ರಿಯಲ್ ಸೌಂಡ್ ತಾಳದ ಆಟ ಅಲ್ಲ ನಿಜ. ಆದರೂ ಈ ಇತಿಹಾಸದಿಂದ ಅವನನ್ನು ಬಿಡೋಕೆ ನನಗೆ ಮನಸ್ಸಾಗಲಿಲ್ಲ. ಅವನು ಮೊದಲು ಮಾಡಿದ ಕೆಲಸ ಹೋಗಿ ಪಕ್ಕದಲ್ಲಿ ಕೂತದ್ದು. ನಾನು ಆ ಕೆಲಸ ಮಾಡಿರಲಿಲ್ಲ, ನನ್ನ ಮನೆಯಲ್ಲೇ ಆಡುವವನಿದ್ದರೂ. 2013ರಲ್ಲಿ, ಬರೀ 42ನೇ ವಯಸ್ಸಿಗೆ, ಎನೋ ತೀರಿಕೊಂಡ.

ಮುಂದಿನ ಅಧ್ಯಾಯ ವಿಶ್ವವಿದ್ಯಾಲಯಗಳಲ್ಲಿ. ಗಿಟಾರ್ ಹೀರೋ ಜ್ವರ ಏರಿದ್ದ ಕಾಲ. ಸುಗಮ್ಯ ತಂತ್ರಜ್ಞಾನದ 'ಅಸೆಟ್ಸ್' ಸಮ್ಮೇಳನದಲ್ಲಿ ಸಾಲಾಗಿ ಮೂರು ವರ್ಷ ಮೂರು ಪ್ರಯೋಗ ಬಂದವು. 2007ರಲ್ಲಿ ಆರಿಗಾನ್ ವಿಶ್ವವಿದ್ಯಾಲಯದವರ 'ಫಿಂಗರ್ ಡ್ಯಾನ್ಸ್': ನೋಡೋಕೆ ಏನೂ ಇಲ್ಲ, ಕೇಳಿಸಿದ ಸದ್ದುಗಳ ತಾಳಕ್ಕೆ ಕೀಬೋರ್ಡಿನ ಕೀಲಿ ಒತ್ತಬೇಕು. 2008ರಲ್ಲಿ ನೆವಾಡಾ ವಿಶ್ವವಿದ್ಯಾಲಯದ ಬೆಯ್ ಯುವಾನ್ ಮತ್ತು ಈಲ್ಕೆ ಫೋಲ್ಮರ್ ಮಾಡಿದ 'ಬ್ಲೈಂಡ್ ಹೀರೋ'. 2009ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನವರ 'ರಾಕ್ ವೈಬ್': ರಾಕ್ ಬ್ಯಾಂಡ್ ಆಟದ ಡ್ರಮ್ಮು, ಆದರೆ ಸೂಚನೆ ಬರುವುದು ಮೈಗೆ ಕಟ್ಟಿಕೊಂಡ ಕಂಪನದಿಂದ.

ಇವುಗಳಲ್ಲಿ ನನಗೆ ತಲೆಯಿಂದ ಹೋಗದೇ ಇರುವುದು ಬ್ಲೈಂಡ್ ಹೀರೋ. ಕೈಗೊಂದು ಗವಸು, ಬೆರಳ ತುದಿಗೊಂದು ಪುಟ್ಟ ಮೋಟಾರು. ಹಳೆಯ ಪೇಜರ್‌ನೊಳಗೆ ಗುರ್ ಅನ್ನುತ್ತಿತ್ತಲ್ಲ, ಅದೇ. ಯಾವ ಬೆರಳು ನಡುಗುತ್ತೋ ಆ ಬೆರಳಿನ ಗುಂಡಿ ಒತ್ತಬೇಕು. ಇದಕ್ಕೆ ಅವರು ಬಳಸಿದ್ದು 'ಫ್ರೆಟ್ಸ್ ಆನ್ ಫೈರ್' ಅನ್ನುವ ಮುಕ್ತ ತಂತ್ರಾಂಶ. 2006ರಲ್ಲಿ ಫಿನ್ಲೆಂಡಿನ ಒಂದು ತಂಡ ಪೈಥಾನ್‌ನಲ್ಲಿ ಬರೆದು ಸ್ಪರ್ಧೆ ಗೆದ್ದ ಆಟ ಅದು. ಮೂಲ ಆಟದ ಕೋಡು ಬೀಗ ಹಾಕಿಕೊಂಡಿದ್ದರೆ ಗವಸು ಸಿಕ್ಕಿಸೋಕೆ ಜಾಗವೇ ಇರುತ್ತಿರಲಿಲ್ಲ. ಮುಕ್ತ ತಂತ್ರಾಂಶ ಯಾಕೆ ಬೇಕು ಅಂತ ಇನ್ನು ಮೇಲೆ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಗವಸಿನ ಬಗ್ಗೆ ಓದುವಾಗ ನನ್ನ ಬಲಗೈ ತಾನಾಗಿ ತೊಡೆಯ ಮೇಲೆ ಆದಿತಾಳ ಹಾಕುತ್ತಿತ್ತು. ಒಂದು ಹೊಡೆತ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ಎರಡು ಸಲ ಹೊಡೆತ, ಬೀಸು. ಒಟ್ಟು ಎಂಟು. ಆವರ್ತನದಲ್ಲಿ ಎಲ್ಲಿದ್ದೇವೆ ಅಂತ ಬೆರಳಿಗೆ ಗೊತ್ತಿರುತ್ತೆ, ಕಣ್ಣು ಮುಚ್ಚಿದ್ದರೂ.

ಇದೇ ಹೊತ್ತಿಗೆ, 2007ರಲ್ಲಿ, ಎಂಐಟಿ ಮತ್ತು ಸಿಂಗಪುರ ಸೇರಿ ನಡೆಸುತ್ತಿದ್ದ 'ಗ್ಯಾಂಬಿಟ್' ಪ್ರಯೋಗಾಲಯದಲ್ಲಿ ಐಟನ್ ಗ್ಲಿನರ್ಟ್ ಮುಂದಾಳತ್ವದಲ್ಲಿ ವಿದ್ಯಾರ್ಥಿಗಳು 'ಆಡಿಯೊಡಿಸ್ಸಿ' ಮಾಡಿದರು. ನಾವೊಬ್ಬ ಡೀಜೆ, ತಾಳಕ್ಕೆ ಸರಿಯಾಗಿ ವೀ ರಿಮೋಟು ಬೀಸಿ (ಇಲ್ಲವೇ ಕೀಲಿ ಒತ್ತಿ) ಹಾಡನ್ನು ಪದರ ಪದರವಾಗಿ ಕಟ್ಟಿ ಜನರನ್ನು ಕುಣಿಸಬೇಕು. ಇವರ ಹಟ ಬೇರೆ ಇತ್ತು. ಅಂಧರಿಗಾಗಿ ಒಂದು ಆಟ ಅಂತ ಮಾಡದೆ, ಕಣ್ಣಿರುವವರೂ ಇಲ್ಲದವರೂ ಒಂದೇ ಆಟವನ್ನು ಒಂದೇ ರೀತಿ ಆಡಬೇಕು ಅಂತ. ಇದನ್ನು ಓದಿದಾಗ ಸರಿ ಸರಿ ಅಂತ ಮುಂದೆ ಹೋಗಿಬಿಟ್ಟೆ. ಅದರ ಬೆಲೆ ಗೊತ್ತಾಗಿದ್ದು ಆಮೇಲೆ, ಹೇಳ್ತೀನಿ.

ಅಂಗಡಿಯಲ್ಲಿ ಸಿಗುವ ಆಟಗಳಲ್ಲೂ ಒಂದು ಇದೆ. 2006ರಲ್ಲಿ ನಿಂಟೆಂಡೋದ ಗೇಮ್‌ಬಾಯ್ ಅಡ್ವಾನ್ಸ್‌ಗೆ ಬಂದ 'ರಿದಮ್ ತೆಂಗೊಕು'. ಸಂಗೀತ ನೋಡಿಕೊಂಡವರು ಜಪಾನಿನ ಪಾಪ್ ಸಂಗೀತದ ತ್ಸುಂಕು. ಪುಟ್ಟ ಪುಟ್ಟ ತಮಾಷೆಯ ಆಟಗಳು, ಹೆಚ್ಚಿನವಕ್ಕೆ ಒಂದೆರಡೇ ಗುಂಡಿ, ಯಾವಾಗ ಒತ್ತಬೇಕು ಅಂತ ಸದ್ದೇ ಹೇಳುತ್ತೆ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ಆಡಬಹುದಾದ ಕಡೆಗಳಿವೆ. 2008ರ ಡಿಎಸ್ ಆವೃತ್ತಿಯಲ್ಲಿ ಕಡ್ಡಿಯಿಂದ ಪರದೆಯನ್ನು ಚಿಮ್ಮಿಸಬೇಕಾಗಿತ್ತು, ಕೈ ನಡುಗುವವರಿಗೆ ಅದು ಕಷ್ಟ. 2011ರ ವೀ ಆವೃತ್ತಿಯಲ್ಲಿ ಮತ್ತೆ ಗುಂಡಿಗೆ ವಾಪಸು ಬಂದರು. ತ್ಸುಂಕು ಅವರಿಗೆ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ತೆಗೆಸಬೇಕಾಯಿತು ಅಂತ 2015ರಲ್ಲಿ ತಿಳಿಸಿದರು. ಹಾಡುಗಾರನಿಗೆ ದನಿ ಹೋಯಿತು. ಸಂಗೀತ ಮಾಡುವುದನ್ನು ಮಾತ್ರ ಬಿಡಲಿಲ್ಲ.

* * *

ಇಲ್ಲಿವರೆಗೆ ಕಣ್ಣಿನ ಮಾತೇ ಆಯಿತು. ಕಿವಿ ಕೇಳದವರು? ಅವರಿಗೆ ಬೀಳುವ ಚುಕ್ಕಿಗಳೇ ವರ. ಎಲ್ಲವನ್ನೂ ಕಿವಿಗೆ ಹಾಕಿದರೆ ಅವರು ಹೊರಗಾಗುತ್ತಾರೆ. ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಹನ್ನೆರಡನೇ ವಯಸ್ಸಿಗೆಲ್ಲ ಬಹುಪಾಲು ಕಿವುಡಾಗಿದ್ದವರು. ಬರಿಗಾಲಲ್ಲಿ ನಿಂತು ನೆಲದ ಕಂಪನವನ್ನು ಮೈಯಿಂದ ಕೇಳುತ್ತಾ ನುಡಿಸುತ್ತಾರೆ. ಆಟಗಳಲ್ಲಿ ಇದರ ಹತ್ತಿರ ಬಂದದ್ದು 2001ರ 'ರೆಝ್'. ತೆತ್ಸುಯಾ ಮಿಝುಗುಚಿ ಅವರ ಆಟ. ಜಪಾನಿನಲ್ಲಿ ಅದರ ಜೊತೆ 'ಟ್ರಾನ್ಸ್ ವೈಬ್ರೇಟರ್' ಅಂತ ಒಂದು ಡಬ್ಬಿ ಸಿಗುತ್ತಿತ್ತು, ಹಾಡಿನ ತಾಳಕ್ಕೆ ನಡುಗುವುದೊಂದೇ ಅದರ ಕೆಲಸ. 2016ರ 'ರೆಝ್ ಇನ್ಫಿನಿಟ್' ಹೊತ್ತಿಗೆ ಅದು ಮೈತುಂಬ ಕಂಪಿಸುವ ಒಂದು ಪ್ರಾಯೋಗಿಕ ಉಡುಪಾಗಿತ್ತು.

ಕೈಕಾಲು ಸ್ವಾಧೀನ ಇಲ್ಲದವರಿಗೆ ಒಂದೇ ಗುಂಡಿಯ ಆಟಗಳು. ಮಲೇಷ್ಯಾದ ಹಾಫಿಝ್ ಅಝ್ಮನ್ ಶುರುಮಾಡಿದ 'ರಿದಮ್ ಡಾಕ್ಟರ್'ನಲ್ಲಿ ಮುಖ್ಯ ಕೆಲಸ ಇಷ್ಟೇ: ಏಳನೇ ಎಣಿಕೆಗೆ ಸ್ಪೇಸ್ ಬಾರ್ ಒತ್ತಿ. ಹಾಗಂತ ಸುಲಭ ಅಂದುಕೊಳ್ಳಬೇಡಿ! 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ಎರಡು ದೊಡ್ಡ ಗುಂಡಿ, ಹಿಂದೆ 19 ತೂತು. ಕಾಲಲ್ಲಿ ಒತ್ತುವ ಪೆಡಲೋ, ಗಲ್ಲದಿಂದ ತಳ್ಳುವ ಸ್ವಿಚ್ಚೋ, ಯಾರಿಗೆ ಯಾವುದು ಒಗ್ಗುತ್ತೋ ಸಿಕ್ಕಿಸಿಕೊಳ್ಳಬಹುದು. 2015ರ 'ಕ್ರಿಪ್ಟ್ ಆಫ್ ದ ನೆಕ್ರೊಡ್ಯಾನ್ಸರ್'ನಲ್ಲಿ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಬೇಕು, ಅದು ಆಗದವರಿಗೆ 'ಬಾರ್ಡ್' ಅನ್ನುವ ಪಾತ್ರ ಇದೆ, ಅವನಿಗೆ ತಾಳದ ಹಂಗಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ, ನನ್ನ ಆಟದಲ್ಲಿ ಆ ತಪ್ಪೂ ಇತ್ತು. ತಾಳಕ್ಕೆ ತಕ್ಕ ಹಾಗೆ ಹಿನ್ನೆಲೆಯನ್ನು ಪಳ್ ಪಳ್ ಅಂತ ಮಿಂಚಿಸುತ್ತಿದ್ದೆ. 1997ರ ಡಿಸೆಂಬರ್ 16ರಂದು ಜಪಾನಿನ ಟೀವಿಯಲ್ಲಿ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿಂಚಿ, 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಮೂರ್ಛೆ ರೋಗದ ಒಂದು ಬಗೆ ಬೆಳಕಿನ ಮಿಂಚಿಗೆ ಕೆರಳುತ್ತೆ. ವೆಬ್‌ಪುಟಗಳಿಗಿರುವ ಸುಗಮ್ಯತೆಯ ನಿಯಮದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಿಸಬಾರದು ಅಂತಿದೆ. ಅವತ್ತೇ ಆ ಕೋಡು ಅಳಿಸಿದೆ.

* * *

ಇಷ್ಟು ಓದಿಕೊಂಡು ಆಟವನ್ನು ಮತ್ತೆ ಬರೆಯಲು ಕೂತೆ.

ಮೊದಲ ಪೆಟ್ಟು ಕೊಟ್ಟಿದ್ದು ಫೋನಿನ ಟಾಕ್‌ಬ್ಯಾಕ್. ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಈ ಸೌಲಭ್ಯ ಬಂದದ್ದು 2009ರಲ್ಲಿ. ಅದು ಚಾಲೂ ಇದ್ದಾಗ ಪರದೆಯನ್ನು ಒಂದು ಸಲ ಮುಟ್ಟಿದರೆ ಅಲ್ಲೇನಿದೆ ಅಂತ ಓದುತ್ತೆ, ಎರಡು ಸಲ ತಟ್ಟಿದರೆ ಮಾತ್ರ ಒತ್ತಿದ ಹಾಗೆ. ಅಂದರೆ ನಮ್ಮ ಹುಡುಗ ತಟ್ಟಿದ ಒಂದೊಂದು ತಟ್ಟೂ ನನ್ನ ಆಟಕ್ಕೆ ತಲುಪಿಯೇ ಇರಲಿಲ್ಲ! ಸೊನ್ನೆ ಬಂದದ್ದು ಅದಕ್ಕೆ. ಐಫೋನಿನವರು ಪಿಯಾನೋ ಕೀಲಿಗಳಂಥ ಜಾಗಗಳಿಗೆ ಬೆರಳನ್ನು ನೇರವಾಗಿ ಬಿಡುವ ವ್ಯವಸ್ಥೆಯನ್ನು 2011ರಲ್ಲೇ ಕೊಟ್ಟಿದ್ದಾರೆ. ನಾನು ಸುಲಭದ ದಾರಿ ಹಿಡಿದು ವಾಲ್ಯೂಮ್ ಗುಂಡಿಯಿಂದ ಆಡುವ ಹಾಗೆ ಮಾಡಿದೆ.

ಎರಡನೆಯದು ಬ್ಲೂಟೂತ್ ಹೆಡ್‌ಫೋನು. ನಿಮಿಷಕ್ಕೆ 120 ಹೊಡೆತದ ಹಾಡಾದರೆ ಹೊಡೆತದಿಂದ ಹೊಡೆತಕ್ಕೆ 500 ಮಿಲಿಸೆಕೆಂಡು, ಅದನ್ನು ತಕದಿಮಿ ಅಂತ ನಾಲ್ಕು ಮಾಡಿದರೆ ಒಂದೊಂದು ಅಕ್ಷರಕ್ಕೆ 125. ಬ್ಲೂಟೂತ್‌ನಲ್ಲಿ ಸದ್ದು 150 ಮಿಲಿಸೆಕೆಂಡು ತಡವಾಯಿತು ಅಂದರೆ ಇಡೀ ಒಂದು ಅಕ್ಷರ ಜಾರಿಹೋಯಿತು. ಕಣ್ಣಿಂದ ಆಡುವವರು ಹೇಗೋ ಸುಧಾರಿಸಿಕೊಳ್ಳುತ್ತಾರೆ, ಕಿವಿಯಿಂದ ಆಡುವವನಿಗೆ ನೆಲವೇ ಕುಸಿದ ಹಾಗೆ. ರಾಕ್ ಬ್ಯಾಂಡ್ 2ರ (2008) ಗಿಟಾರಿನಲ್ಲಿ ಈ ತಡವನ್ನು ತಾನೇ ಅಳೆಯಲು ಬೆಳಕಿನ ಸೆನ್ಸರು, ಮೈಕು ಇಟ್ಟಿದ್ದರಂತೆ. ನಾನು ಬಡವರ ಉಪಾಯ ಮಾಡಿದೆ: ಮೊದಲು ಎಂಟು ಸಲ ತಾಳಕ್ಕೆ ಒತ್ತಿಸಿಕೊಂಡು ಸರಾಸರಿ ತಡವನ್ನು ಕಳೆಯುವುದು.

ಮೂರನೆಯದು ಅವನು ಕೇಳಿದ ಪ್ರಶ್ನೆ, ಯಾಕೆ ಸೋತೆ ಅಂತ. ಬೇಗ ಹೊಡೆದರೆ ಎಡಗಿವಿಯಲ್ಲಿ ಟಿಕ್, ತಡವಾದರೆ ಬಲಗಿವಿಯಲ್ಲಿ ಟಿಕ್, ಸರಿಯಾದರೆ ನಡುವೆ ಮೃದಂಗದ ತುಂಬು ನಾದ. ಚುಕ್ಕಿಗಳ ಬದಲು ಒಂದು ದನಿ ತಕಿಟ ತಕದಿಮಿ ಅಂತ ಹೇಳುತ್ತೆ, ನೀವು ತಿರುಗಿ ಬಾರಿಸಿ. ಪರಾಪ್ಪನಿಂದ ಕದ್ದೆ ಅನ್ನಿ, ನಮ್ಮ ಪಾಠದಿಂದ ಕದ್ದೆ ಅನ್ನಿ.

ಮುಂದಿನ ಸಲ ಊರಿಗೆ ಹೋದಾಗ ಕೊಟ್ಟೆ. 'ಅಂಧರ ಆವೃತ್ತಿ' ಅಂತ ಬೇರೆ ಮಾಡಿ, ಅದಕ್ಕೇ ಅಂತ ಬೇರೆ ಅಂಕಪಟ್ಟಿಯನ್ನೂ ಇಟ್ಟಿದ್ದೆ. ಒಂದು ಗಂಟೆ ಬಿಡದೆ ಆಡಿದ. ಮುಖ ನೋಡಿ ನನಗೆ ಖುಷಿಯೋ ಖುಷಿ. ಆಮೇಲೆ ಅಂಕಪಟ್ಟಿ ಓದಿಸಿಕೊಂಡು ಕೇಳಿದ:

"ಇದರಲ್ಲಿ ನಾನೊಬ್ಬನೇನಾ ಇರೋದು? ಪುಟ್ಟಿಗಿಂತ ಜಾಸ್ತಿ ಬಂತೋ ಕಮ್ಮಿ ಬಂತೋ ಅಂತ ಹೇಗೆ ಗೊತ್ತಾಗತ್ತೆ?"

ಆಡಿಯೊಡಿಸ್ಸಿಯ ಹುಡುಗರು 2007ರಲ್ಲೇ ಹಟ ಹಿಡಿದದ್ದು ಇದಕ್ಕೇ. ನಾನು ಓದಿಯೂ ಮೂರ್ಖನಾಗಿದ್ದೆ. ಅವನಿಗೆ ಬೇಕಿದ್ದದ್ದು ತಂಗಿಯನ್ನು ಸೋಲಿಸುವ ಅವಕಾಶ. ಬೇರೆ ಪಟ್ಟಿಯನ್ನು ಕಿತ್ತುಹಾಕಿದೆ. ಈಗ ಎಲ್ಲರಿಗೂ ಅದೇ ತಕಿಟ, ಅದೇ ಅಂಕ. ಚುಕ್ಕಿ ಬೇಕಾದವರಿಗೆ ಚುಕ್ಕಿಯೂ ಬೀಳುತ್ತೆ. ಮೊದಲ ಭಾನುವಾರ ಅವನು ಮೇಲಿದ್ದ, ಪುಟ್ಟಿ ಎರಡನೆಯವಳು, ನಾನು ಐದನೆಯವನು. ಪುಟ್ಟಿ ಈಗ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದಾಳಂತೆ.

ಕೆಲಸ ಮುಗಿದಿಲ್ಲ. ಕಿವಿ ಕೇಳದವರಿಗೆ ಚುಕ್ಕಿ ಇದೆ, ಆದರೆ ತಕಿಟದ ಮಜಾ ಇಲ್ಲ. ಫೋನಿನ ಕಂಪನದಿಂದ ಹೇಳಿಸೋಣ ಅಂತ ನೋಡಿದೆ. ನನ್ನ ಫೋನಿನ ಮೋಟಾರು ತಿರುಗೋಕೆ ಶುರುವಾಗುವಷ್ಟರಲ್ಲಿ, ನಿಲ್ಲುವಷ್ಟರಲ್ಲಿ ಸಮಯ ತಿನ್ನುತ್ತೆ, ತಕದಿಮಿ ಹೋಗಿ ಬರೀ ಗುರ್ರ್ ಆಗುತ್ತೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಕಿವಿ ಕೇಳದೆಯೂ ತಾಳ ಇಷ್ಟಪಡುವವರು ಯಾರಾದರೂ ಇದ್ದರೆ ತಿಳಿಸಿ. ಈ ಸಲ ಕೋಡು ಬರೆಯುವ ಮೊದಲೇ ಬಂದು ಪಕ್ಕದಲ್ಲಿ ಕೂರುತ್ತೇನೆ.